ಊರಿಗೆ ಹೊರಟಾಗ ಗಿನಿಪಿಗ್‌ಗಳನ್ನು ಯಾರ ಕೈಗೆ ಒಪ್ಪಿಸುವುದು?

ಬೆಕ್ಕು ಸಾಕಿದವರು ತಟ್ಟೆ ತುಂಬ ಒಣ ತಿಂಡಿ ಸುರಿದು ಒಂದು ರಾತ್ರಿ ಊರಿಗೆ ಹೋಗಿ ಬಂದುಬಿಡುತ್ತಾರೆ. ಗಿನಿಪಿಗ್ ಸಾಕಿದವರಿಗೆ ಅಷ್ಟು ಸುಲಭವಿಲ್ಲ. ಈ ಪ್ರಾಣಿಯ ಕರುಳು ಹಗಲೂ ರಾತ್ರಿ ಕೆಲಸ ಮಾಡುತ್ತಲೇ ಇರಬೇಕು. ಹೊಟ್ಟೆಗೆ ನಾರು ಹೋಗುವುದು ನಿಂತರೆ ಕರುಳು ನಿಧಾನವಾಗುತ್ತದೆ, ಗಾಳಿ ತುಂಬುತ್ತದೆ, ಆ ನೋವಿಗೆ ಪ್ರಾಣಿ ತಿನ್ನುವುದನ್ನು ಇನ್ನಷ್ಟು ಬಿಡುತ್ತದೆ. ಅರ್ಧ ದಿನ ಏನೂ ಮುಟ್ಟದ ಗಿನಿಪಿಗ್ ಡಾಕ್ಟರ ಮುಂದೆ ಇರಬೇಕು; ಒಂದು ಇಡೀ ದಿನ ಕಳೆದರೆ ಉಳಿಸುವುದು ಕಷ್ಟ. ಮೇಲಾಗಿ ಇದು ಬೇಟೆಗೆ ಬಲಿಯಾಗುವ ಜಾತಿ, ಕಾಯಿಲೆಯನ್ನು ಆದಷ್ಟು ದಿನ ತೋರಗೊಡುವುದಿಲ್ಲ. ಸೊಪ್ಪು ಹಾಕಿ ಹೋಗಲು ಯಾರಾದರೂ ಸಿಗುತ್ತಾರೆ. ‘ಕಂದು ಬಣ್ಣದ್ದು ಇವತ್ತು ತಿಂತಿಲ್ಲ’ ಎಂದು ಗುರುತಿಸಿ ಆಗಲೇ ಫೋನ್ ಮಾಡುವವರು ಸಿಗುವುದು ಕಡಿಮೆ. ನಾವು ಮಾಡಿಕೊಳ್ಳುವ ಏರ್ಪಾಡೆಲ್ಲ ಆ ಒಂದು ಫೋನ್ ಸಮಯಕ್ಕೆ ಸರಿಯಾಗಿ ಬರಲಿ ಎಂಬುದಕ್ಕೆ.

ಬೆಳಿಗ್ಗೆ ಹೋಗಿ ರಾತ್ರಿ ಬರುವುದಾದರೆ ಯಾರೂ ಬೇಕಿಲ್ಲ. ಗೂಡಿನ ತುಂಬ ಒಣಹುಲ್ಲು, ಎರಡು ನೀರಿನ ಬಾಟಲಿ ಇದ್ದರೆ ಸಾಕು. ರಾತ್ರಿ ಹೊರಗೆ ಉಳಿಯುವುದಾದರೆ ದಿನಕ್ಕೆ ಎರಡು ಸಲ ಮನುಷ್ಯರು ಬಂದು ನೋಡಬೇಕು. ದಿನಕ್ಕೊಂದೇ ಭೇಟಿ ಸಾಕೆಂದು ಹೇಳುವವರಿದ್ದಾರೆ, ನಾವು ಒಪ್ಪುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ನೋಡಿ ಹೋದವರು ಮಾರನೆಯ ದಿನ ಎಂಟಕ್ಕೇ ಬಂದರೆ, ನಡುವೆ ಕೆಟ್ಟದ್ದೇನಾದರೂ ಆದರೆ ಚಿಕಿತ್ಸೆಗೆ ಇದ್ದ ಸಮಯವೆಲ್ಲ ಕೈತಪ್ಪಿ ಹೋಗಿರುತ್ತದೆ.

ಮೊದಲು ಎಲ್ಲರ ತಲೆಗೆ ಬರುವುದು ಪೆಟ್ ಬೋರ್ಡಿಂಗ್. ಬೆಂಗಳೂರಿನಲ್ಲಿ ಬೋರ್ಡಿಂಗ್‌ಗಳಿಗೆ ಬರವಿಲ್ಲ, ಆದರೆ ಹೆಚ್ಚಿನವು ನಾಯಿಗಳಿಗಾಗಿ ಇರುವಂಥವು. ಪಕ್ಕದ ಕೋಣೆಯಲ್ಲಿ ಬೊಗಳುವ ಸದ್ದು, ನಾಯಿಯ ವಾಸನೆ ಇವೆರಡೇ ಗಿನಿಪಿಗ್ ಮೂಲೆ ಹಿಡಿದು ಊಟ ಬಿಡಲು ಸಾಕು. ಅದಕ್ಕಿಂತ ದೊಡ್ಡ ಕಾರಣ ಬಾರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಎಂಬ ಬ್ಯಾಕ್ಟೀರಿಯಾ. ನಾಯಿ, ಮೊಲಗಳು ಇದನ್ನು ತಮಗೇನೂ ಆಗದೆ ಮೂಗಿನಲ್ಲಿ ಹೊತ್ತು ತಿರುಗಬಲ್ಲವು. ಗಿನಿಪಿಗ್‌ಗೆ ತಗುಲಿದರೆ ನ್ಯುಮೋನಿಯಾ. ‘ನಮ್ಮಲ್ಲಿ ಮೊಲಾನೂ ಇದೆ, ಜೊತೆಗೇ ಇಟ್ಕೋತೀವಿ’ ಎಂದು ಅಕ್ಕರೆಯಿಂದ ಕರೆಯುವ ಜಾಗಕ್ಕೆ ನಾವು ಕಳಿಸುವುದಿಲ್ಲ. ಬೋರ್ಡಿಂಗ್ ಅನಿವಾರ್ಯವಾದರೆ ಹೋಗಿ ನೋಡಿಯೇ ತೀರ್ಮಾನಿಸಬೇಕು. ಬೇರೆ ಕೋಣೆ ಇದೆಯೇ, ಗೂಡಿನ ತಳ ತಂತಿಯ ಜಾಲರಿಯೋ ಗಟ್ಟಿ ನೆಲವೋ, ರಾತ್ರಿ ಯಾರು ಇರುತ್ತಾರೆ ಎಂದು ಕೇಳಬೇಕು. ಜಾಲರಿ ತಳವಾದರೆ ವಾರದಲ್ಲೇ ಅಂಗಾಲು ಕೆಂಪಾಗಿ ಹುಣ್ಣಿಗೆ ದಾರಿಯಾಗುತ್ತದೆ.

ಗಿನಿಪಿಗ್ ಸಾಕಿರುವ ಇನ್ನೊಂದು ಮನೆ ಸಿಕ್ಕರೆ ತಿಳಿವಳಿಕೆಯ ಮಟ್ಟಿಗೆ ಅದಕ್ಕಿಂತ ಒಳ್ಳೆಯದಿಲ್ಲ. ‘ಈ ಸಲ ನೀವು ನೋಡಿಕೊಳ್ಳಿ, ದಸರಾ ರಜೆಗೆ ನಾವು ನೋಡ್ಕೋತೀವಿ’ ಎಂಬ ಕೊಡುಕೊಳ್ಳುವಿಕೆ ಚೆನ್ನಾಗಿ ನಡೆಯುತ್ತದೆ. ಅಲ್ಲಿ ಎರಡು ಅಪಾಯ ಮಾತ್ರ ನೆನಪಿರಲಿ. ಒಂದು, ಗೂಡು ಬೇರೆಯೇ ಇರಬೇಕು; ‘ಸ್ವಲ್ಪ ಹೊತ್ತು ಆಡಲಿ’ ಎಂದು ಕೂಡ ಬೆರೆಸಬಾರದು. ಅಂಗಡಿಯವರು ಹೆಣ್ಣೆಂದು ಕೊಟ್ಟಿದ್ದು ಗಂಡಾಗಿರುವುದು ಮಾಮೂಲಿ. ಗಂಡು ಮರಿ ಮೂರು ವಾರಕ್ಕೇ, ಹೆಣ್ಣು ಮರಿ ನಾಲ್ಕೈದು ವಾರಕ್ಕೇ ಸಂತಾನಕ್ಕೆ ಸಿದ್ಧ. ಒಮ್ಮೆಯೂ ಹೆರದ ಹೆಣ್ಣು ಆರೇಳು ತಿಂಗಳು ದಾಟಿದ ಮೇಲೆ ಮೊದಲ ಸಲ ಗಬ್ಬವಾದರೆ ಸೊಂಟದ ಮೂಳೆ ಅಗಲವಾಗದೆ ಹೆರಿಗೆಯಲ್ಲೇ ಸಾಯುವ ಸಂಭವ ಇದೆ. ಗರ್ಭದ ಅವಧಿ 59ರಿಂದ 72 ದಿನ, ಅಂದರೆ ನೀವು ಪ್ರವಾಸವನ್ನೇ ಮರೆತ ಮೇಲೆ ಗೊತ್ತಾಗುತ್ತದೆ. ಇನ್ನೊಂದು ಅಪಾಯ ಕಜ್ಜಿ ಹುಳು, ಹುಳಕಡ್ಡಿ. ಎರಡೂ ಕಡೆಯ ಪ್ರಾಣಿಗಳ ಕಿವಿಯ ಹಿಂದೆ, ಮೂಗಿನ ಸುತ್ತ, ಬೆನ್ನ ಮೇಲೆ ಕೂದಲು ಉದುರಿದ ಜಾಗವಿದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿಕೊಳ್ಳಬೇಕು.

ನಾವು ಹೆಚ್ಚಾಗಿ ನೆಚ್ಚುವುದು ಮೂರನೆಯ ದಾರಿಯನ್ನು: ಪ್ರಾಣಿಗಳು ತಮ್ಮ ಗೂಡಿನಲ್ಲೇ ಇರಲಿ, ಮನುಷ್ಯರೇ ಬಂದು ಹೋಗಲಿ. ಪಕ್ಕದ ಮನೆಯವರು, ಅದೇ ಅಪಾರ್ಟ್‌ಮೆಂಟಿನ ಕಾಲೇಜು ಹುಡುಗ ಹುಡುಗಿಯರು, ಮನೆಕೆಲಸಕ್ಕೆ ಬರುವ ಅಕ್ಕ, ಯಾರಾದರೂ ಆದೀತು. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗ ಇಲ್ಲೆಲ್ಲ ಪಶುವೈದ್ಯಕೀಯ ಕಾಲೇಜುಗಳಿವೆ. ಆ ಊರುಗಳಲ್ಲಿದ್ದರೆ ಅಲ್ಲಿನ ವಿದ್ಯಾರ್ಥಿಗಳನ್ನೂ ವಿಚಾರಿಸಬಹುದು. ಯಾರೇ ಆದರೂ ದುಡ್ಡು ಕೊಟ್ಟೇ ಮಾಡಿಸಿ, ಭೇಟಿಗೆ ಇಷ್ಟು ಎಂದು ಮೊದಲೇ ಮಾತಾಡಿ, ಅರ್ಧ ಮುಂಗಡ ಕೊಡಿ. ಪುಕ್ಕಟೆ ಸಹಾಯದಲ್ಲಿ ‘ಇವತ್ತು ಬರೋಕಾಗಲಿಲ್ಲ’ ಎನ್ನಲು ಜಾಗ ಇರುತ್ತದೆ, ನಮಗೂ ದೂರಲು ಬಾಯಿ ಬರುವುದಿಲ್ಲ. ಮನೆಕೆಲಸದವರಿಗೆ ಒಪ್ಪಿಸುವಾಗ ಇದನ್ನು ದಿನದ ಕೆಲಸದ ಜೊತೆ ಸೇರಿಸಿಬಿಡುವ ಅಭ್ಯಾಸ ಕೆಲವರಿಗಿದೆ. ಅದು ಸರಿಯಲ್ಲ, ನಡೆಯುವುದೂ ಇಲ್ಲ. ಇನ್ನೊಂದು ಬೀಗದ ಕೈ ಎರಡನೆಯ ಮನೆಯಲ್ಲಿರಲಿ. ಗೇಟಿನ ಆ್ಯಪ್‌ನಲ್ಲಿ ಅವರ ಹೆಸರನ್ನು ಪ್ರವಾಸದ ಅಷ್ಟೂ ದಿನಕ್ಕೆ ಮೊದಲೇ ಒಪ್ಪಿಸಿಡಿ. ನೀವು ರೈಲಿನಲ್ಲಿ ನೆಟ್‌ವರ್ಕ್ ಇಲ್ಲದಾಗಲೇ ಸೆಕ್ಯುರಿಟಿಯವರು ಫೋನ್ ಮಾಡುವುದು.

ಹೊರಡುವುದಕ್ಕೆ ಒಂದು ವಾರ ಮೊದಲು, ನಾವು ಊರಲ್ಲೇ ಇರುವಾಗ, ಅವರ ಕೈಯಿಂದ ಎರಡು ದಿನ ಪೂರ್ತಿ ಮಾಡಿಸುತ್ತೇವೆ. ಮೊದಲ ದಿನ ಪಕ್ಕದಲ್ಲಿ ನಿಂತು ಹೇಳಿಕೊಡುವುದು, ಎರಡನೆಯ ದಿನ ಬಾಯಿ ಬಿಡದೆ ನೋಡುವುದು. ಬಾಟಲಿಯನ್ನು ತೊಳೆಯದೆ ಮೇಲಷ್ಟೇ ತುಂಬಿಸಿದರೆ, ಮೂಲೆಯ ಗುಡಿಸಲೊಳಗೆ ಬಗ್ಗಿ ನೋಡದಿದ್ದರೆ ಆಗಲೇ ತಿಳಿಯುತ್ತದೆ. ಪ್ರಾಣಿಯನ್ನು ಎತ್ತಲು ಹೆದರುವವರಾದರೆ ಅದೂ ಗೊತ್ತಾಗುತ್ತದೆ: ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗೆ, ಆಮೇಲೆ ಎದೆಗವಚಿಕೊಳ್ಳುವುದು. ನೆಲದ ಮೇಲೆ ಕೂತೇ ಎತ್ತಬೇಕು. ಸೊಂಟದೆತ್ತರದಿಂದ ಹಾರಿ ಬಿದ್ದರೆ ಹಲ್ಲೋ ಕಾಲೋ ಮುರಿಯುತ್ತದೆ.

ಇನ್ನು ಸಾಮಾನು. ಊಟದ ಮುಕ್ಕಾಲು ಪಾಲು ಒಣಹುಲ್ಲು. ಬೆಳೆದ ಗಿನಿಪಿಗ್ 700 ಗ್ರಾಮಿನಿಂದ 1,200 ಗ್ರಾಂ ತೂಗುತ್ತದೆ. ದಿನಕ್ಕೆ ಸುಮಾರು 50–60 ಗ್ರಾಂ ಹುಲ್ಲು ಬೇಕು. ಜೋಡಿಗೆ ಹತ್ತು ದಿನಕ್ಕೆ ತಿನ್ನುವುದೇ 1 ಕೆಜಿ, ತುಳಿದು ಉಚ್ಚೆ ಹೊಯ್ದು ಹಾಳು ಮಾಡುವುದು ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ 2 ಕೆಜಿ ಇಟ್ಟು ಹೋಗುತ್ತೇವೆ. ಟಿಮೊತಿ ಹುಲ್ಲು ಚಳಿ ನಾಡಿನದು, ನಮಗೆ ಸಿಗುವುದು ಹೊರದೇಶದ ಪೊಟ್ಟಣ, ದುಬಾರಿ. ರೋಡ್ಸ್ ಹುಲ್ಲು, ಒಣಗಿಸಿದ ಗರಿಕೆ ಕೂಡ ನಡೆಯುತ್ತದೆ. ಆದರೆ ನೋಡಿಕೊಳ್ಳುವವರ ಕೈಗೆ ಹೊಸ ಹುಲ್ಲು, ಹೊಸ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆ ತಿಂಡಿ) ಕೊಡಬೇಡಿ. ಯಜಮಾನರೂ ಇಲ್ಲ, ಊಟವೂ ಬೇರೆ ಎಂದಾದರೆ ಮೂಸಿ ನೋಡಿ ಸುಮ್ಮನಾಗುತ್ತವೆ. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಮರಿಗಳಿಗೂ ಬಸುರಿಗೂ ಸರಿ, ಬೆಳೆದವಕ್ಕೆ ಅದರ ಸುಣ್ಣದ ಅಂಶ ಮೂತ್ರಕೋಶದ ಕಲ್ಲಿಗೆ ದಾರಿ. ಭತ್ತದ ಹುಲ್ಲು ಒರಟು, ಹಾಸಲು ಬಳಸಿದರೂ ಚೂಪಾದ ತುದಿ ಕಣ್ಣಿಗೆ ಚುಚ್ಚೀತು. ಮಂಗಳೂರು, ಉಡುಪಿ, ಮಲೆನಾಡಿನ ಮಳೆಗಾಲದಲ್ಲಿ ಹುಲ್ಲಿಗೆ ಬೂಷ್ಟು ಹಿಡಿಯುವುದೇ ದೊಡ್ಡ ತಲೆನೋವು. ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿಯ ದಿಂಬಿನ ಕವರಿನಲ್ಲಿ ತುಂಬಿ, ನೆಲ ಗೋಡೆ ತಾಕದಂತೆ ಎತ್ತರದಲ್ಲಿಡಿ. ಮುಗ್ಗಲು ವಾಸನೆ ಬಂದರೆ ಪೂರ್ತಿ ಎಸೆಯಿರಿ ಎಂದು ಬಾಯಿಬಿಟ್ಟೇ ಹೇಳಿ, ಇಲ್ಲದಿದ್ದರೆ ‘ಪಾಪ, ದುಡ್ಡು ಕೊಟ್ಟು ತಂದಿದಾರೆ’ ಎಂದು ಹಾಕಿಬಿಡುತ್ತಾರೆ. ಪೆಲೆಟ್ ಒಂದಕ್ಕೆ ದಿನಕ್ಕೆ ಎರಡು ಟೇಬಲ್ ಚಮಚ ಮೀರಬಾರದು. ಚಮಚವನ್ನು ಡಬ್ಬಿಯೊಳಗೇ ಹಾಕಿಡಿ.

ಹಸಿರು ತಿನಿಸಿನಲ್ಲಿ ಲೆಕ್ಕ ಹಾಕಬೇಕಾದದ್ದು ವಿಟಮಿನ್ ಸಿ. ಮನುಷ್ಯರ ಹಾಗೇ ಗಿನಿಪಿಗ್‌ಗೂ ಇದನ್ನು ಮೈಯೊಳಗೇ ತಯಾರಿಸಿಕೊಳ್ಳಲು ಆಗುವುದಿಲ್ಲ. ಮೈತೂಕದ ಕೆಜಿಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ತಪ್ಪಿದರೆ ಎರಡು ಮೂರು ವಾರದಲ್ಲಿ ಕೀಲು ನೋವು, ಕುಂಟು, ಮಂಕು. ದಪ್ಪ ಮೆಣಸಿನಕಾಯಿಯಲ್ಲಿ 100 ಗ್ರಾಮಿಗೆ ಸುಮಾರು 80 ಮಿಲಿಗ್ರಾಂ ಇರುತ್ತದೆ, ಕೆಂಪಿನದಾದರೆ ಇನ್ನೂ ಹೆಚ್ಚು. 140 ಗ್ರಾಮಿನ ಕಾಯಿಯ ಕಾಲು ಭಾಗ 35 ಗ್ರಾಂ, ಅಂದರೆ 28 ಮಿಲಿಗ್ರಾಂ. ಒಂದು ಪ್ರಾಣಿಯ ಒಂದು ದಿನದ ಪಾಲು ಅಲ್ಲಿಗೆ ಮುಗಿಯಿತು. ತೊಟ್ಟು, ತೊಟ್ಟಿನ ಸುತ್ತಲ ಹಸಿರು ತೆಗೆದು ಹಾಕಬೇಕು. ಸೀಬೆಹಣ್ಣಿನಲ್ಲಿ ಸಿ ಇನ್ನೂ ಹೆಚ್ಚಿದ್ದರೂ ಸಕ್ಕರೆಯೂ ಇದೆ, ವಾರಕ್ಕೆರಡು ಸಲ ಬೆರಳುದ್ದದ ಹೋಳು ಸಾಕು. ಉಳಿದ ಹಸಿರಿಗೆ ಕೊತ್ತಂಬರಿ, ಸೌತೆಕಾಯಿ, ಲೆಟ್ಯೂಸ್. ಪಾಲಕ್, ಹರಿವೆಯಲ್ಲಿ ಮೂತ್ರದ ಕಲ್ಲಿಗೆ ದಾರಿಯಾಗುವ ಆಕ್ಸಲೇಟ್ ಇದೆ, ವಾರಕ್ಕೊಮ್ಮೆ ಎರಡೆಲೆ. ನೀರಿನ ಬಾಟಲಿಗೆ ವಿಟಮಿನ್ ಹನಿ ಹಾಕುವುದು ಬೇಡ: ಬೆಳಕಿಗೆ ಬೇಗ ಕೆಡುತ್ತದೆ, ರುಚಿ ಬದಲಾಗಿ ನೀರು ಕುಡಿಯುವುದನ್ನೂ ಬಿಡುತ್ತವೆ.

ಮೊದಲ ನಾಲ್ಕು ದಿನದ ತರಕಾರಿಯನ್ನು ನಾವೇ ತೊಳೆದು, ನೀರಾರಿಸಿ, ಹೆಚ್ಚಿ, ‘ಸೋಮ ಬೆಳಿಗ್ಗೆ’, ‘ಸೋಮ ಸಂಜೆ’ ಎಂದು ಬರೆದ ಡಬ್ಬಿಗಳಲ್ಲಿ ಫ್ರಿಜ್ಜಿನಲ್ಲಿಡುತ್ತೇವೆ. ಓದಲು ಬಾರದವರಾದರೆ ಡಬ್ಬಿಗಳನ್ನು ಸಾಲಾಗಿ ಜೋಡಿಸಿ, ಎಡದಿಂದ ಒಂದೊಂದೇ ತೆಗೆಯಲು ಹೇಳುವುದು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು ಕೊಡಬೇಕು. ನಾಲ್ಕು ದಿನದಾಚೆಗೆ ಹತ್ತಿರದ ತರಕಾರಿ ಅಂಗಡಿಯಲ್ಲೋ ಹಾಪ್‌ಕಾಮ್ಸ್‌ನಲ್ಲೋ ಅವರೇ ತರಲಿ, ಅದಕ್ಕೆ ಬೇರೆ ದುಡ್ಡು ಕವರಿನಲ್ಲಿಟ್ಟಿರಿ. ಪಾರ್ಕಿನ ಹುಲ್ಲು ಕಿತ್ತು ತರುವುದು ಬೇಡವೆನ್ನಿ. ನಾಯಿಯ ಉಚ್ಚೆ, ಸಿಂಪಡಿಸಿದ ಔಷಧಿ ಯಾವುದೂ ಕಣ್ಣಿಗೆ ಕಾಣುವುದಿಲ್ಲ.

ಕೊಡಬಾರದ್ದರ ಪಟ್ಟಿಯನ್ನು ಕೊಡಬೇಕಾದದ್ದಕ್ಕಿಂತ ದೊಡ್ಡಕ್ಷರದಲ್ಲಿ ಬರೆಯಬೇಕು. ನಮ್ಮ ಜನರ ಪ್ರೀತಿ ಊಟದಲ್ಲೇ ತೋರುವುದು. ‘ಬರೀ ಹುಲ್ಲು ತಿಂತಾವಲ್ಲಾ’ ಎಂದು ಕನಿಕರ ಹುಟ್ಟಿ ಅನ್ನ, ಚಪಾತಿ ಚೂರು, ಬಿಸ್ಕತ್ತು, ಮೊಸರನ್ನ ಗೂಡು ಸೇರುತ್ತದೆ. ಪಿಷ್ಟ, ಹಾಲು ಎರಡನ್ನೂ ಈ ಕರುಳು ತಾಳಲಾರದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಚಾಕೊಲೇಟು ವಿಷದ ಪಾಲಿನವು. ಎಲೆಕೋಸು ಹೊಟ್ಟೆಯುಬ್ಬರಕ್ಕೆ. ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡಿ: ಇವು ಬಗ್ಗಿ ತಮ್ಮದೇ ಮೆತ್ತನೆಯ ಹಿಕ್ಕೆಯನ್ನು ಬಾಯಿಗೆ ಹಾಕಿಕೊಳ್ಳುತ್ತವೆ. ಅದು ಸಹಜ, ಬೇಕಾದದ್ದೂ ಹೌದು. ಗೊತ್ತಿಲ್ಲದವರು ಅದನ್ನು ಕಂಡು ಗಾಬರಿಯಾಗಿ ಗದರಿಸುತ್ತಾರೆ.

ನೀರಿನ ಬಾಟಲಿ ಕೈಕೊಡುವಷ್ಟು ಬೇರೆ ಯಾವ ವಸ್ತುವೂ ಕೈಕೊಡುವುದಿಲ್ಲ. ತುದಿಯ ಉಕ್ಕಿನ ಗುಂಡು ಸುಣ್ಣ ಕಟ್ಟಿ ಅಂಟಿಕೊಳ್ಳುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಬೇಗ. ಬಾಯಲ್ಲಿದ್ದ ಹುಲ್ಲಿನ ಎಸಳು ನಳಿಕೆಗೆ ಸಿಕ್ಕಿಕೊಳ್ಳುತ್ತದೆ. ಮುಚ್ಚಳ ಓರೆಯಾದರೆ ರಾತ್ರಿಯಿಡೀ ತೊಟ್ಟಿಕ್ಕಿ ಬೆಳಿಗ್ಗೆ ಬಾಟಲಿ ಖಾಲಿ, ಹಾಸು ಒದ್ದೆ. ನೋಡಿದವರು ‘ಚೆನ್ನಾಗಿ ಕುಡಿದಿವೆ’ ಅಂದುಕೊಳ್ಳುತ್ತಾರೆ. ಆದ್ದರಿಂದ ಎರಡು ಬಾಟಲಿ, ಎರಡು ಗೋಡೆಗೆ. ತುಂಬಿಸಿದ ಮೇಲೆ ತುದಿಯನ್ನು ಬೆರಳಿನಿಂದ ಹತ್ತು ಸಲ ತಟ್ಟಬೇಕು: ಒಳಗೆ ಗುಳ್ಳೆ ಮೇಲೇರಬೇಕು, ಪ್ರತಿ ತಟ್ಟಿಗೂ ಬೆರಳು ಒದ್ದೆಯಾಗಬೇಕು, ಬೆರಳು ತೆಗೆದೊಡನೆ ಹನಿ ನಿಲ್ಲಬೇಕು. ಮಾರ್ಕರ್‌ನಿಂದ ಬಾಟಲಿಯ ಮೇಲೆ ಗೆರೆ ಎಳೆದು, ಸಂಜೆ ಬಂದಾಗ ಮಟ್ಟ ಎಲ್ಲಿಗೆ ಇಳಿದಿದೆ ನೋಡುವುದು. ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 100 ಮಿಲಿ ಲೆಕ್ಕ, ಸೌತೆಕಾಯಿ ತಿಂದ ದಿನ ಕಡಿಮೆ. ಜೊತೆಗೆ ಮಗುಚದಂಥ ಮಣ್ಣಿನ ಬಟ್ಟಲಲ್ಲಿ ಒಂದಿಷ್ಟು ನೀರು.

ಸೆಕೆ ಇವಕ್ಕೆ ಕೂಡದು. 18ರಿಂದ 24 ಡಿಗ್ರಿ ಹಿತ, 30 ಸಮೀಪಿಸಿದರೆ ಅಪಾಯ. ಕಲಬುರಗಿ, ರಾಯಚೂರಿನ ಏಪ್ರಿಲ್–ಮೇ 40 ದಾಟುವಂಥದ್ದು. ಆ ತಿಂಗಳಲ್ಲಿ ಬೀಗ ಹಾಕಿದ ಮನೆಯೊಳಗೆ ಬಿಟ್ಟು ಹೋಗುವ ಮಾತೇ ಬೇಡ, ಜನರಿರುವ ಮನೆಗೆ ಕಳಿಸಿ. ಬೆಂಗಳೂರಲ್ಲೂ ಮೇಲಿನ ಮಹಡಿ, ಪಶ್ಚಿಮದ ಗೋಡೆ ಇದ್ದರೆ ಗೂಡನ್ನು ತಂಪಾದ ಕೋಣೆಯ ನೆಲಕ್ಕೆ ಇಳಿಸಿ. ಫ್ಯಾನು ಇನ್ವರ್ಟರ್ ಲೈನಿನಲ್ಲಿರಲಿ. ಒಂದು ಲೀಟರಿನ ಬಾಟಲಿಯಲ್ಲಿ ನೀರು ಗಟ್ಟಿಮಾಡಿ ಟವೆಲ್ ಸುತ್ತಿ ಗೂಡಿನ ಒಂದು ಬದಿಗೆ ಇಟ್ಟರೆ ಬೇಕೆಂದಾಗ ಒರಗಿಕೊಳ್ಳುತ್ತವೆ. ಒಂದು ಕರಗುವಾಗ ಬದಲಿಸಲು ಇನ್ನೆರಡು ಫ್ರೀಜರಿನಲ್ಲಿ. ಜೊಲ್ಲು ಸುರಿಸಿ, ಕಾಲು ಚಾಚಿ ಬಿದ್ದು, ಏದುಸಿರು ಬಿಡುತ್ತಿದ್ದರೆ ಅದು ಬಿಸಿಲಿನ ಹೊಡೆತ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿವಿ, ಪಾದ ಒರೆಸುತ್ತಾ ಡಾಕ್ಟರ ಬಳಿ ಓಡಬೇಕು, ಐಸ್ ನೀರಿಗೆ ಮುಳುಗಿಸಬಾರದು.

ಸೊಳ್ಳೆಬತ್ತಿ, ಗೂಡಿನ ಸುತ್ತ ಇರುವೆ ಸೀಮೆಸುಣ್ಣ ಎರಡೂ ನಿಷೇಧ. ಇರುವೆಗೆ ಗೂಡಿನ ಕಾಲುಗಳಡಿ ನೀರಿನ ಬಟ್ಟಲು, ಸೊಳ್ಳೆಗೆ ಪರದೆ. ದೀಪಾವಳಿಗೆ ಊರಿಗೆ ಹೋಗುವವರು ಗೂಡನ್ನು ರಸ್ತೆಯಿಂದ ದೂರದ ಕೋಣೆಗೆ ಸಾಗಿಸಿ ಕಿಟಕಿ ಹಾಕಿ, ಎರಡರಷ್ಟು ಹುಲ್ಲು ತುಂಬಿ, ಅದರೊಳಗೆ ಹುದುಗಿಕೊಳ್ಳುತ್ತವೆ. ಉದ್ದ ಕೂದಲಿನ ಜಾತಿಯಾದರೆ ಹಿಂಭಾಗದ ಕೂದಲನ್ನು ಹೊರಡುವ ಮುನ್ನ ಕತ್ತರಿಸಿಬಿಡಿ. ಒದ್ದೆಯಾಗಿ ಗಂಟುಕಟ್ಟಿದರೆ ಮಳೆಗಾಲದಲ್ಲಿ ನೊಣ ಮೊಟ್ಟೆ ಇಡುತ್ತದೆ.

ಭೇಟಿಯ ಕ್ರಮ ನಮ್ಮಲ್ಲಿ ಹೀಗೆ. ಬಂದವರು ಮೊದಲು ಯಾವುದನ್ನೂ ಮುಟ್ಟದೆ ದಪ್ಪ ಮೆಣಸಿನಕಾಯಿಯ ಒಂದೊಂದು ಹೋಳನ್ನು ಪ್ರತಿ ಪ್ರಾಣಿಯ ಮೂಗಿನ ಮುಂದೆ ಹಿಡಿಯಬೇಕು. ಎರಡೂ ಬಂದು ಕಸಿದುಕೊಂಡು ಜಗಿದರೆ ಅರ್ಧ ತಪಾಸಣೆ ಮುಗಿದಂತೆ. ಒಂದು ಬರಲಿಲ್ಲ, ಅಥವಾ ಬಾಯಿಗಿಟ್ಟು ಬೀಳಿಸಿತು ಎಂದರೆ ಆಗಲೇ ಫೋನ್. ಬೀಳಿಸುವುದು ಹಲ್ಲಿನ ತೊಂದರೆಯ ಲಕ್ಷಣ. ಆಮೇಲೆ ಹಿಕ್ಕೆ: ಬೆರಳ ತುದಿಯಷ್ಟು ಉದ್ದ, ಕಂದು, ಒಂದೇ ಗಾತ್ರ ಇರಬೇಕು. ಚಿಕ್ಕದಾಗಿ, ಒಣಗಿ, ಬಾಲ ಬಂದಂತಿದ್ದರೆ ತಿನ್ನುವುದು ಕಡಿಮೆಯಾಗಿದೆ. ಭೇದಿಯಾದರೆ ಕಾಯುವುದೇ ಬೇಡ. ಉಚ್ಚೆ ಒಣಗಿದಾಗ ಬಿಳಿ ಪುಡಿ ಉಳಿದರೆ ಸಾಧಾರಣ, ಕೆಂಪು ಕಂಡರೆ ಅಲ್ಲ. ಕೊನೆಗೆ ಹುಲ್ಲು, ನೀರು, ಒದ್ದೆ ಬಟ್ಟೆ ಬದಲಾವಣೆ. ಹೊರಡುವ ಮುನ್ನ ಎರಡೂ ಪ್ರಾಣಿ ತಿನ್ನುತ್ತಿರುವ ಹತ್ತು ಸೆಕೆಂಡಿನ ವಿಡಿಯೋ ವಾಟ್ಸ್‌ಆ್ಯಪ್‌ಗೆ. ಫೋಟೋ ಸಾಲದು, ಫೋಟೋದಲ್ಲಿ ಕಾಯಿಲೆಯದೂ ಮುದ್ದಾಗಿಯೇ ಕಾಣುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ವಿಡಿಯೋ ಬಂದಿಲ್ಲವೆಂದರೆ ನಾವೇ ಫೋನ್ ಮಾಡುತ್ತೇವೆ, ಎತ್ತದಿದ್ದರೆ ಎರಡನೆಯ ಬೀಗದ ಕೈ ಇರುವ ಮನೆಗೆ.

ತೂಕವನ್ನು ಹೊರಡುವ ದಿನ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೋಡಿ ಗೋಡೆಯ ಹಾಳೆಯಲ್ಲಿ ಬರೆದಿಡುವುದು. ನಡುವೆ ಮೂರು ದಿನಕ್ಕೊಮ್ಮೆ ಅದೇ ಹೊತ್ತಿಗೆ, ಬಟ್ಟಲಿನಲ್ಲಿ ಕೂರಿಸಿ, ಅವರು ತೂಗಲಿ. 20–30 ಗ್ರಾಂ ಏರಿಳಿತ ಲೆಕ್ಕಕ್ಕಿಲ್ಲ. 50 ಗ್ರಾಂ ಇಳಿದರೆ ನಮಗೆ ತಿಳಿಸಬೇಕು, 100 ಇಳಿದರೆ ಡಾಕ್ಟರು.

ಆ ಡಾಕ್ಟರನ್ನು ಹುಡುಕುವ ಕೆಲಸ ಹೊರಡುವ ಮೊದಲೇ ಮುಗಿದಿರಬೇಕು. ನಾಯಿ ಬೆಕ್ಕು ಚೆನ್ನಾಗಿ ನೋಡುವವರೆಲ್ಲ ಗಿನಿಪಿಗ್ ನೋಡಿರುವುದಿಲ್ಲ, ಜಿಲ್ಲಾ ಕೇಂದ್ರಗಳಲ್ಲಂತೂ ಹಸು ಎಮ್ಮೆಯ ಅನುಭವವೇ ಹೆಚ್ಚು. ಫೋನಿನಲ್ಲಿ ‘ಸೋಂಕಾದರೆ ಯಾವ ಆ್ಯಂಟಿಬಯಾಟಿಕ್ ಕೊಡ್ತೀರಿ ಸಾರ್?’ ಎಂದು ಕೇಳಿ. ಎನ್‌ರೋಫ್ಲಾಕ್ಸಸಿನ್ ಅಥವಾ ಟ್ರೈಮೆಥೊಪ್ರಿಮ್–ಸಲ್ಫಾ ಎಂದರೆ ನಂಬಬಹುದು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷಕಾರಿ ಜಾತಿ ಹೆಚ್ಚಿ ಪ್ರಾಣಿ ಸಾಯುತ್ತದೆ. ಈ ಹೆಸರುಗಳನ್ನು ಕೆಂಪು ಶಾಯಿಯಲ್ಲಿ ಹಾಳೆಗೆ ಬರೆದು, ‘ಡಾಕ್ಟರಿಗೆ ತೋರಿಸಿ’ ಎಂದು ಸೇರಿಸುತ್ತೇವೆ. ‘ನಾಳೆ ಆಪರೇಷನ್, ರಾತ್ರಿಯಿಂದ ಉಪವಾಸ ಇಡಿ’ ಎಂಬ ನಾಯಿಯ ನಿಯಮವೂ ಇಲ್ಲಿ ಸಲ್ಲದು; ಆ ಉಪವಾಸ ವಾಂತಿಯಾಗದಿರಲಿ ಎಂದು, ಇವಕ್ಕೆ ವಾಂತಿಯೇ ಬರುವುದಿಲ್ಲ. ಭಾನುವಾರ ತೆರೆದಿರುವ ಎರಡನೆಯ ಕ್ಲಿನಿಕ್ಕಿನ ನಂಬರು, ‘ಇಷ್ಟು ರೂಪಾಯಿ ತನಕ ನಮ್ಮನ್ನು ಕೇಳದೆ ಚಿಕಿತ್ಸೆ ಮಾಡಿಸಬಹುದು’ ಎಂಬ ಸಹಿ ಮಾಡಿದ ಚೀಟಿ, ಮತ್ತು ಅಷ್ಟು ದುಡ್ಡು ಜೊತೆಗಿರಬೇಕು. ನಿರ್ಧಾರಕ್ಕಾಗಿ ನಮ್ಮ ಫೋನ್ ಕಾಯುತ್ತಾ ರಾತ್ರಿ ಕಳೆಯುವುದು ತಪ್ಪುತ್ತದೆ. ಕ್ಲಿನಿಕ್ಕಿಗೆ ಒಯ್ಯುವಾಗ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ, ಕೆಳಗೆ ಟವೆಲ್, ಮೇಲೆ ಹುಲ್ಲು, ಒಂದು ತುಂಡು ಸೌತೆಕಾಯಿ. ಒಂಟಿಯಾಗಿ ಹೋಗಿ ಬಂದ ಗಂಡನ್ನು ಜೊತೆಗಾರ ಮತ್ತೆ ಒಪ್ಪದೆ ಕಚ್ಚಾಡುವುದುಂಟು.

ತಿನ್ನದ ಪ್ರಾಣಿಯ ಬಾಯಿಗೆ ಊಟ ಹಾಕಲು ಸೂಜಿಯಿಲ್ಲದ 1 ಮಿಲಿ ಸಿರಿಂಜ್ ಸಾಮಾನಿನ ಜೊತೆಗಿರಲಿ, ಆದರೆ ಡಾಕ್ಟರು ಹೇಳಿದ ಮೇಲಷ್ಟೇ ಬಳಸಲು ಹೇಳಿ. ಹೊಟ್ಟೆ ಉಬ್ಬಿದ ಪ್ರಾಣಿಗೆ ಒತ್ತಾಯದಿಂದ ತಿನ್ನಿಸಿದರೆ ಹಾನಿಯೇ. ಹೇಳಿದರೆ, ಪೆಲೆಟ್ಟನ್ನು ಬೆಚ್ಚಗಿನ ನೀರಲ್ಲಿ ನೆನೆಸಿ ತೆಳ್ಳಗೆ ಕದಡಿ, ಬಾಯಿಯ ಪಕ್ಕದಿಂದ ಅರ್ಧ ಮಿಲಿಯಂತೆ, ಜಗಿದು ನುಂಗುವ ತನಕ ಕಾದು ಕೊಡುವುದು.

ಹಿಂದಿನ ದಿನವೇ ಗೂಡು ತೊಳೆಯುತ್ತೇವೆ, ಆದರೆ ಅವುಗಳ ವಾಸನೆಯಿರುವ ಒಂದು ಬಟ್ಟೆಯನ್ನು ಒಗೆಯದೆ ಬಿಡುತ್ತೇವೆ. ಪ್ಲೈವುಡ್ ಮಿಲ್ಲಿನ ಹೊಟ್ಟನ್ನು ಹಾಸಲು ಬಳಸುವುದಿಲ್ಲ. ಅದರ ದೂಳು ಶ್ವಾಸಕ್ಕೆ ಕೆಟ್ಟದ್ದು. ದಿನಪತ್ರಿಕೆಯ ಮೇಲೆ ಹಳೆಯ ಹತ್ತಿ ಬೆಡ್‌ಶೀಟಿನ ತುಂಡು, ದಿನಕ್ಕೊಂದರಂತೆ ಮಡಿಸಿಟ್ಟರೆ ನೋಡಿಕೊಳ್ಳುವವರಿಗೂ ಸುಲಭ.

ವಾಪಸು ಬಂದ ದಿನ ಮೊದಲು ತೂಕ, ಆಮೇಲೆ ಪಾದ, ಹಲ್ಲು, ಕಣ್ಣು, ಹಿಂಭಾಗ. ಉಳಿದ ಹುಲ್ಲನ್ನೂ ಅಳೆದು ನೋಡಿ. ಇಟ್ಟ 2 ಕೆಜಿಯಲ್ಲಿ ಒಂದೂವರೆ ಹಾಗೇ ಇದ್ದರೆ ವಿಡಿಯೋಗಳು ಏನೇ ಹೇಳಲಿ, ಗೂಡಿಗೆ ಹುಲ್ಲು ಸರಿಯಾಗಿ ಬಿದ್ದಿಲ್ಲ. ಸೀನು, ಕಣ್ಣಂಚಿನ ಪಿಸುರು, ತುರಿಕೆ ಒಂದೆರಡು ವಾರ ತಡವಾಗಿ ಕಾಣಿಸಿಕೊಳ್ಳಬಹುದು, ಅಲ್ಲಿಯವರೆಗೆ ಎರಡು ದಿನಕ್ಕೊಮ್ಮೆ ತೂಗುತ್ತಿರಿ. ಹುಳಕಡ್ಡಿ ಎಂದು ಡಾಕ್ಟರು ಹೇಳಿದರೆ ನೋಡಿಕೊಂಡವರಿಗೆ ಅವತ್ತೇ ತಿಳಿಸಬೇಕು. ಅದು ಮನುಷ್ಯರಿಗೂ ಅಂಟುತ್ತದೆ, ಅವರ ಮನೆಯಲ್ಲಿ ಮಕ್ಕಳಿರಬಹುದು.